ಮೇಟಿ ಕೀಳೋಗಂಟ

ಬೆಟ್ಟಮ್ಮ ಮೂಗಿನ ಮೇಲೆ ಬೆರಳಿಟ್ಟುಕೊಂಡೇ ಹುಟ್ಟಿದವಳು ಅಂತ ಅವಳ ಗಂಡ ಮಂಚಯ್ಯ ಯಾವಾಗಲೂ ಆಡಿಕೊಳ್ಳುತ್ತಿದ್ದ. ಹಾಸನದ ಸಂತೆಗೆ ಹೋದರೆ ಸಾಕು, ಲಾರಿ ಕಂಡರೂ 'ಅಬ್ಬಬ್ಬಾ', ಸೋಡಾ ಬಾಟಲಿಯೊಳಗಿನ ಗೋಲಿ ಕಂಡರೂ 'ಅಬ್ಬಬ್ಬಾ'. ಮಂಚಯ್ಯ ಮಾತ್ರ ಯಾವುದಕ್ಕೂ ಹುಬ್ಬೇರಿಸಿದವನಲ್ಲ. ಮೊದಲ ಸಲ ರೈಲಿನ ಇಂಜಿನ್ನು ನೋಡಿದಾಗಲೂ 'ಊಂ, ಕರ್ರಗೈತೆ' ಅಂದು ಬೀಡಿ ಹಚ್ಚಿದ್ದ ಮಹಾನುಭಾವ ಅವನು.

ಅವರಿದ್ದ ಹೊಂಗೆಕೊಪ್ಪಲು ಹಾಸನದ ಪೇಟೆಗೆ ಕೂಗಳತೆಯಲ್ಲಿತ್ತು. ಮುಂಗಾರಲ್ಲಿ ಆಲೂಗೆಡ್ಡೆ, ಆಮೇಲೆ ರಾಗಿ, ಬೇಲಿ ಸಾಲಲ್ಲಿ ಅವರೆ. ಐವತ್ತೇಳನೇ ಇಸವಿಯಲ್ಲಿ ಆ ಹೊಲಗಳ ಮೇಲೆ ಸರ್ಕಾರದ ಕಣ್ಣು ಬಿತ್ತು. ಪೇಟೆ ಬೆಳೆಯುತ್ತಿದೆ, ಆಫೀಸುಗಳು ಬರುತ್ತಿವೆ, ನೌಕರರಿಗೆ ಮನೆ ಬೇಕು, ಹೊಸ ಬಡಾವಣೆ ಆಗಲೇಬೇಕು ಅಂದರು. ಕೊಪ್ಪಲಿನ ಮನೆಗಳನ್ನು ಮುಟ್ಟಲಿಲ್ಲ, ಹೊಲಗಳನ್ನೆಲ್ಲ ತೆಗೆದುಕೊಂಡರು. ಮಂಚಯ್ಯನ ಹೊಲವೂ ಹೋಯಿತು. ಅದಕ್ಕೆ ಬದಲು ಪರಿಹಾರ ಬಂತು, ಅದೇ ಹೊಲದ ಮೂಲೆಯಲ್ಲಿ ಒಂದು ಸೈಟೂ ಬಂತು. ಪರಿಹಾರದ ದುಡ್ಡು ಕೈಗೆ ಬಂದದ್ದೇ ತಡ, ಮಂಚಯ್ಯ ಬೂವನಹಳ್ಳಿಯಲ್ಲಿ ಬೇರೆ ಹೊಲ ಕೊಂಡ. ಈ ವರ್ಷದ ರಾಗಿ ಒಕ್ಕಿಕೊಂಡು ಜಾಗ ಬಿಡಿ ಅಂತ ಸರ್ಕಾರದವರು ಹೇಳಿ ಹೋದರು.

ಹೊಲ, ಸೈಟು, ದುಡ್ಡು ಎಲ್ಲ ಸರಿಹೋಯಿತು. ಮನೆ ಮಾತ್ರ ಸರಿಹೋಗಲಿಲ್ಲ.

"ಕಣ ಮುಗೀತಿದ್ದಂಗೆ ಬೂವನಳ್ಳಿಗೆ ಒಂಟೋಗದು," ಅಂದ ಮಂಚಯ್ಯ, ಮುದ್ದೆ ಮುರಿಯುತ್ತಾ. "ವಲದ ಮಗ್ಗುಲಲ್ಲೇ ಒಂದು ಮನೆ ಕಟ್ಕಂಡ್ರಾಯ್ತು."

ಅವನಿಗಿದ್ದ ಒಬ್ಬನೇ ಮಗ ದೇವರಾಜು ತಟ್ಟೆಯಿಂದ ಕೈ ತೆಗೆದ. "ನಾನು ಬರಕ್ಕಿಲ್ಲ ಅಪ್ಪಯ್ಯ. ಸೈಟ್ನಾಗೆ ಮನೆ ಕಟ್ತೀನಿ, ಎಮ್ಮೆ ಕಟ್ತೀನಿ. ನಾಳೆ ಇಲ್ಲಿ ನೂರು ಮನೆ ಎದ್ರೆ ನೂರು ಮನೆಗೂ ಆಲು ಬೇಕು."

"ಆರಂಬಗಾರನ ಮಗ ಬಾಗ್ಲು ಬಾಗ್ಲಿಗೆ ಚೊಂಬು ಇಡ್ಕಂಡು ನಿಂತ್ಕಂತೀಯೇನ್ಲಾ?"

"ನೀನು ಸಂತೇಲಿ ಗೆಡ್ಡೆ ಮೂಟೆ ಇಟ್ಕಂಡು ನಿಂತ್ಕಂತಿರ್ನಿಲ್ವಾ?"

ಮಂಚಯ್ಯನ ಮೂಗಿನ ಹೊಳ್ಳೆ ಅರಳಿತು. "ಅಂಗಾದ್ರೆ ಪಾಲು ಮಾಡ್ಕಂಬುಡಾನ. ಸೈಟು ನಿಂಗೆ, ವಲ ನಂಗೆ. ಒಂದೆತ್ತು ನಿಂಗೆ, ಒಂದೆತ್ತು ನಂಗೆ."

ಸೊಸೆ ಪುಟ್ಟತಾಯಮ್ಮ ಹುರುಳಿ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ಅವಳಿಗೆ ತಿಂಗಳು ತುಂಬುತ್ತಿತ್ತು, ನಾಲಿಗೆ ಮಾತ್ರ ಒಂದಿಷ್ಟೂ ಭಾರವಾಗಿರಲಿಲ್ಲ. "ಬೀಸೋ ಕಲ್ಲು ಯಾರ್ಗೆ ಮಾವಯ್ಯ? ಮೇಲಿನ್ ಕಲ್ಲು ನಿಮ್ಗೆ, ಕೆಳಗಿನ್ ಕಲ್ಲು ನಮ್ಗಾ?"

ಬೇರೆ ದಿನವಾಗಿದ್ದರೆ ಬೆಟ್ಟಮ್ಮ ನಗುತ್ತಿದ್ದಳು. ಅವತ್ತು ಅವಳಿಗೆ ತವರು ನೆನಪಾಯಿತು. ಅರಕಲಗೂಡಿನ ಕಡೆಯ ಅವಳ ತವರಿನಲ್ಲಿ ಅಣ್ಣ ತಮ್ಮ ಪಾಲಾಗಿ ಒಲೆ ಎರಡಾದ ಮೇಲೆ, ಅವಳ ಅವ್ವ ಒಂದು ಹೊತ್ತು ಇಲ್ಲಿ, ಒಂದು ಹೊತ್ತು ಅಲ್ಲಿ ಉಂಡು, ಎರಡು ಕಡೆಯೂ ನೆಂಟಳ ಥರ ಗೋಡೆಗೊರಗಿ ಕೂತು ಸತ್ತುಹೋಗಿದ್ದಳು. ಅದು ತನಗೂ ಬರುತ್ತದೆ ಅಂತ ಅವಳು ಎಣಿಸಿರಲಿಲ್ಲ. ಒಲೆ ಎರಡಾಗಬಾರದು. ಹೊಲ ಹೋಗಲಿ, ಊರು ಹೋಗಲಿ, ಒಲೆ ಒಂದೇ ಇರಬೇಕು. ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

"ನಾಳೀಕೆ ಮೇಟಿ ನೆಡ್ತೀವಿ," ಅಂದಳು. "ಕಣದಾಗೆ ಮೇಟಿ ನಿಂತಿರೋವಾಗ ಪಾಲಿನ ಮಾತು ಆಡಬಾರ್ದು ಅಂತ ನಿಮ್ಮವ್ವನೇ ಯೋಳ್ತಿರ್ನಿಲ್ವಾ? ಮೇಟಿ ಕೀಳೋಗಂಟ ಇಬ್ರೂ ಬಾಯಿ ಮುಚ್ಕಂಡಿರಿ."

"ಆಗ್ಲಿ. ಮೇಟಿ ಕಿತ್ತ ದಿನವೇ ಪಾಲು," ಅಂದ ಮಂಚಯ್ಯ. ಮಗನೂ ತಲೆ ಆಡಿಸಿದ.

ಮೇಟಿ ಅಂದರೆ ಕಣದ ನಡುವೆ ನೆಡುವ ಕಂಬ. ಅದರ ಸುತ್ತ ಎತ್ತುಗಳು ಕಲ್ಲಿನ ಗುಂಡು ಎಳೆದುಕೊಂಡು ತಿರುಗಿದರೆ ತೆನೆಯಿಂದ ರಾಗಿ ಉದುರುತ್ತದೆ. ಹಾಲು ಬರುವ ಮರದ್ದೇ ಆಗಬೇಕು. ಹಳೆಯ ಮೇಟಿ ಗೆದ್ದಲು ಹಿಡಿದಿತ್ತು. ದೇವರಾಜು ಕೆರೆ ಏರಿಗೆ ಹೋಗಿ ಅಲ್ಲಿದ್ದ ಬಸರಿ ಮರದಲ್ಲಿ ತೋಳು ಗಾತ್ರದ ಕೊಂಬೆ ಕಡಿದು ತಂದ. ಇನ್ನೂ ಹಾಲು ತೊಟ್ಟಿಕ್ಕುತ್ತಿತ್ತು.

"ಅಸೀದು ತಂದವ್ನೆ ನೋಡು, ಸೋಂಬೇರಿ," ಅಂದ ಮಂಚಯ್ಯ.

"ಒಂದು ಸುಗ್ಗಿ ಬಾಳಿಕೆಗೆ ಅಸೀದಾದ್ರೇನು ಒಣಗಿದ್ದಾದ್ರೇನು ಅಪ್ಪಯ್ಯ?"

ನೆಲ ಕೆತ್ತಿ, ನೀರು ಹಾಕಿ ತುಳಿದು, ಸಗಣಿ ಸಾರಿಸಿ ಕಣ ಮಾಡಿದರು. ನಡುವೆ ಮೇಟಿ ನಿಂತಿತು. ಬೆಟ್ಟಮ್ಮ ಅರಿಶಿನ ಕುಂಕುಮ ಇಟ್ಟು, ತುದಿಗೆ ಹುಚ್ಚೆಳ್ಳು ಹೂವು ಕಟ್ಟಿದಳು. ಅಲ್ಲಿಂದ ಮುಂದೆ ಅದು ಹೊಲವಲ್ಲ, ದೇವರ ಮನೆ. ಮೆಟ್ಟು ಹಾಕಿಕೊಂಡು ಯಾರೂ ಕಾಲಿಡುವಂತಿಲ್ಲ. ದನಿ ಎತ್ತುವಂತಿಲ್ಲ, ಎತ್ತಿದರೆ ಹುಲುಸು ಹೋಗುತ್ತದೆ. ಹಾಗಂತ ಜಗಳ ನಿಂತಿತು ಅಂದುಕೊಳ್ಳಬೇಡಿ. ಅಪ್ಪ ಮಗ ಎತ್ತಿನ ಹಿಂದೆ ಸುತ್ತುತ್ತಾ ಪಿಸುಪಿಸು ಅಂತ ಬೈದಾಡಿದರು.

"ಮೂದೇವಿ," ಅಂತ ಅಪ್ಪ ಪಿಸುಗುಟ್ಟುವುದು.

"ಅಟಮಾರಿ," ಅಂತ ಮಗ ಪಿಸುಗುಟ್ಟುವುದು.

ಮೊರ ಹಿಡಿದು ಕೂತ ಪುಟ್ಟತಾಯಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು.

ಅದೇ ಹೊತ್ತಿಗೆ ಒಬ್ಬ ಓವರ್‌ಸಿಯರು ಸರಪಳಿ ಹಿಡಿದ ಆಳುಗಳ ಜೊತೆ ಬಂದ. ಹೊಲದ ಉದ್ದಗಲಕ್ಕೂ ಬಿಳಿ ಬಳಿದ ಕಲ್ಲು ನೆಡಿಸಿದ. ಬೂಟು ಕಾಲಲ್ಲೇ ಕಣಕ್ಕೆ ಹತ್ತಹೊರಟವನನ್ನು ಬೆಟ್ಟಮ್ಮ ಮೊರ ಅಡ್ಡ ಹಿಡಿದು ನಿಲ್ಲಿಸಿದಳು. ಒಳ್ಳೆಯ ಮನುಷ್ಯ, ಬೂಟು ಬಿಚ್ಚಿ ಕಾಲುಚೀಲದಲ್ಲೇ ಬಂದು ಮೇಟಿಯ ಹತ್ತಿರ ನಿಂತ.

"ಅಜ್ಜಿ, ಇಲ್ಲೇ ಎರಡು ದೊಡ್ಡ ರೋಡು ಸೇರೋದು. ನಲವತ್ತಡಿ ಅಗಲ."

"ಅಬ್ಬಬ್ಬಾ, ನಲವತ್ತಡೀನಾ! ಅಷ್ಟಗಲದಾಗೆ ಯಾರು ಓಡಾಡ್ತಾರೆ ಸಾ?"

"ಬರ್ತಾರೆ ಬರ್ತಾರೆ. ದೀಪದ ಕಂಬ ಬರುತ್ತೆ, ಮನೆ ಮನೆಗೂ ಕೊಳಾಯಿ ಬರುತ್ತೆ."

ಬೆಟ್ಟಮ್ಮ ಆ ಬಿಳಿ ಕಲ್ಲುಗಳ ಸಾಲು ನೋಡಿದಳು. ತಾನು ಕಳೆ ಕಿತ್ತ ಸಾಲು, ತಾನು ಬುತ್ತಿ ಹೊತ್ತು ನಡೆದ ಬದು. ಅದರ ಮೇಲೆ ಯಾರದೋ ದೇವರಮನೆ, ಯಾರದೋ ಬಚ್ಚಲು, ಯಾರದೋ ಮಲಗುವ ಕೋಣೆ ಬರುತ್ತದಂತೆ. ದುಃಖವೂ ಆಯಿತು. ಆದರೆ ನಿಜ ಹೇಳಬೇಕೆಂದರೆ, ಬೆರಗೇ ಜಾಸ್ತಿ ಆಯಿತು.

ರಾಗಿ ತೂರಿ ರಾಶಿ ಮಾಡಿದ ದಿನ ಮಂಚಯ್ಯ ಸ್ನಾನ ಮಾಡಿ ಬಂದು ಕೊಳಗ ಹಿಡಿದ. ಕಣದಲ್ಲಿ ಅಳೆಯುವಾಗ ಯಾರೂ 'ಒಂದು' ಅನ್ನುವುದಿಲ್ಲ. ಒಂದು ಅಂದರೆ ಒಂಟಿ. ಮೊದಲ ಕೊಳಗಕ್ಕೆ 'ಲಾಭ' ಅನ್ನಬೇಕು, ಆಮೇಲೆ ಎರಡು, ಮೂರು. ಮಂಚಯ್ಯ ಕಣ್ಣು ಮುಚ್ಚಿ "ಲಾಭ" ಅಂದ. ಅಳತೆ ಮುಗಿದ ಮೇಲೆ ಹೆಂಡತಿಗೆ ಮಾತ್ರ ಕೇಳುವ ಹಾಗೆ ಅಂದ: "ಈ ಮಣ್ಣಿನ ಮ್ಯಾಲೆ ನಿಂತು ಇನ್ನೊಂದ್ಸಲ ಆ ಮಾತು ನನ್ನ ಬಾಯಿಂದ ಬರಕ್ಕಿಲ್ಲ ಕಣೆ, ಬೆಟ್ಟಿ."

ಮಾರನೆಯ ಬೆಳಿಗ್ಗೆಯೇ ಹಾರೆ ತೆಗೆದುಕೊಂಡ. "ಮೇಟಿ ಕೀಳಾನ?"

ಅವರ ಮನೆಯಲ್ಲಿ ಮೇಟಿ ನೆಡುವವನು ಯಜಮಾನ, ಕೀಳಲು ಅಪ್ಪಣೆ ಕೊಡುವವಳು ಯಜಮಾನಿ. ಕೊನೆಯ ತೆನೆಯೂ ಒಕ್ಕಿ ಆಯಿತು ಅಂತ ಅವಳು ಹೇಳಬೇಕು.

"ಎಲ್ಲಿ ಆಯ್ತು? ಇನ್ನೂ ಒಂದು ಕಟ್ಟು ತೆನೆ ಐತೆ," ಅಂದಳು ಬೆಟ್ಟಮ್ಮ.

"ಎಲ್ಲೈತೆ?"

"ಐತೆ ಅಂದ್ಮೇಲೆ ಐತೆ. ಇವತ್ತು ಮಂಗಳವಾರ, ನಾಳೆ ನೋಡಾನ."

ನಾಳೆ ಎತ್ತಿನ ಕಾಲು ನೋವು. ಆಚೆ ನಾಳೆ ಅಮಾವಾಸ್ಯೆ. ಅದಾದ ಮೇಲೆ ಸೊಸೆಗೆ ಬೆನ್ನು ನೋವು. ಅಪ್ಪ ಗೊಣಗುತ್ತಾ ಬೂವನಹಳ್ಳಿಗೆ ನಡೆದು ಹೋಗಿ, ಉತ್ತು, ಸಂಜೆಗೆ ಉಣ್ಣಲು ಬರುತ್ತಿದ್ದ. ಮಗ ಸೈಟಿಗೆ ಇಟ್ಟಿಗೆ ಹೊತ್ತು ಉಣ್ಣಲು ಬರುತ್ತಿದ್ದ. ಇಬ್ಬರೂ ಅಕ್ಕಪಕ್ಕ ಕೂತು ಒಂದೇ ಒಲೆಯ ಮುದ್ದೆ ಉಣ್ಣುವುದನ್ನು ಬೆಟ್ಟಮ್ಮ ಕಳ್ಳಿಯಂತೆ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಪುಟ್ಟತಾಯಮ್ಮ ಹುಲ್ಲಿನ ಮೆದೆಯ ಹಿಂದಿನಿಂದ ಬಂದವಳು ಅತ್ತೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಇವಳು ಗಂಡನ ಕಡೆಯವಳು, ಮುಗಿಯಿತು ಕಥೆ ಅಂದುಕೊಂಡಳು ಬೆಟ್ಟಮ್ಮ.

"ಅತ್ತೆವ್ವ, ಆ ತೆನೆ ಕಟ್ಟು ಅಲ್ಲಿ ಬಚ್ಚಿಟ್ರೆ ಇಲಿ ತಿಂತಾವೆ. ಅಟ್ಟಕ್ಕೆ ಆಕ್ಲಾ?"

ಬೆಟ್ಟಮ್ಮ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಅಂಗ್ಯಾಕೆ ನೋಡ್ತೀರಿ? ನೀವು ಬೂವನಳ್ಳೀಲಿ ಕೂತ್ಕಂಡ್ರೆ ನನ್ನ ಬಾಣಂತನ ನಿಮ್ಮ ಮಗ ಕಟ್ಟೋ ಎಮ್ಮೆ ಮಾಡ್ತದಾ?"

ಕಟ್ಟು ಅಟ್ಟ ಸೇರಿತು. ಹೆಣ್ಣು ಮಗು ಹುಟ್ಟಿತು. ಬಾಣಂತಿ ಇರುವ ಮನೆಯಲ್ಲಿ ಕಣದ ಕೆಲಸ ಮಾಡಬಾರದು ಅಂತ ಅತ್ತೆ ಸೊಸೆ ಇಬ್ಬರೂ ಸೇರಿ ಒಂದು ಶಾಸ್ತ್ರ ಹುಟ್ಟಿಸಿದರು.

ಅಷ್ಟರಲ್ಲಿ ಮುಂಗಾರು ಮಳೆ ಬಿತ್ತು. ಮಳೆ ನಿಂತ ಬೆಳಿಗ್ಗೆ ಸಗಣಿ ಬಾಚಲು ಹೋದ ಬೆಟ್ಟಮ್ಮ ಅಲ್ಲೇ ನಿಂತುಬಿಟ್ಟಳು. ಮೇಟಿಯ ತಲೆಯಲ್ಲಿ, ಅವಳು ಕಟ್ಟಿದ ಹೂವಿನ ದಾರದ ಪಕ್ಕದಲ್ಲೇ, ಕೆಂಪಗೆ ಎರಡು ಚಿಗುರು ಒಡೆದಿದ್ದವು. ಮಗುವಿನ ಅಂಗೈ ಥರ ಮೆತ್ತಗಿದ್ದವು. ಅವಳು ಮುಟ್ಟಿ ಮುಟ್ಟಿ ನೋಡಿದಳು. ಮನೆಯವರನ್ನೆಲ್ಲ ಕೂಗಿ ಕರೆದಳು.

"ಊಂ, ಚಿಗುರೈತೆ," ಅಂದ ಮಂಚಯ್ಯ. ಆದರೆ ಆವತ್ತು ಬೀಡಿ ಹಚ್ಚಲಿಲ್ಲ. ಒಂದು ಸುತ್ತು ಸುತ್ತಿ ನೋಡಿ, ಬುಡಕ್ಕೆ ಕಾಲಲ್ಲಿ ಮಣ್ಣು ಒತ್ತಿ ಬೂವನಹಳ್ಳಿಗೆ ಹೊರಟ. ಚಿಗುರಿದ ಮರವನ್ನು ಹೇಗೆ ಕಿತ್ತಾನು? ಆರಂಬಗಾರ ತಾನೇ. ಕೀಳುವಂತಿಲ್ಲ, ಕೀಳದೆ ಪಾಲು ಕೇಳುವಂತಿಲ್ಲ. "ಸರ್ಕಾರದೋರೇ ಕೀಳ್ತಾರೆ, ಆಗ ನೋಡ್ಕಂತೀನಿ," ಅಂತ ಸಂಜೆ ಮಗನ ಮುಂದೆ ಹೇಳಿದ.

ಬಡಾವಣೆ ಬೆಳೆದ ಪರಿ ಏನು ಹೇಳಲಿ! ಮೊದಲು ಮಣ್ಣಿನ ರಸ್ತೆ ಬಿತ್ತು, ದಾರ ಹಿಡಿದು ಎಳೆದಷ್ಟು ನೇರ. ಮರುವರ್ಷ ಬಾವಿ ತೋಡುವವರು, ಗಾರೆಯವರು, ಬಡಗಿಗಳು. ಅವರೆ ಬಿಡುತ್ತಿದ್ದ ಬೇಲಿಯ ಜಾಗದಲ್ಲಿ ಕಬ್ಬಿಣದ ಗೇಟು. ಕೆಂಪು ಗಾರೆಯ ನೆಲ ಎಷ್ಟು ನುಣುಪು ಅಂದರೆ ಬೆಟ್ಟಮ್ಮ ಹಾಲು ಕೊಡಲು ಹೋದವಳು ಬಗ್ಗಿ ತನ್ನ ಮುಖ ನೋಡಿಕೊಂಡು ಬರುತ್ತಿದ್ದಳು. ಕೊಳಾಯಿ ತಿರುಗಿಸಿದರೆ ನೀರು! ಸೇದುವುದಿಲ್ಲ, ಹೊರುವುದಿಲ್ಲ, ಬೆರಳಲ್ಲಿ ತಿರುಗಿಸುವುದು. ಅದನ್ನು ಮೂರು ಸಲ ತಿರುಗಿಸಿ, ಮುಚ್ಚಿ, ಮತ್ತೆ ತಿರುಗಿಸಿ, ಆ ಮನೆಯಾಕೆಯಿಂದ "ಸಾಕು ಬಿಡಿ ಬೆಟ್ಟಮ್ಮ, ತೊಟ್ಟಿ ಖಾಲಿಯಾಗುತ್ತೆ" ಅನ್ನಿಸಿಕೊಂಡಳು.

ಆ ಮನೆಯಾಕೆ ಅನಸೂಯಮ್ಮ. ಹೊಳೆನರಸೀಪುರದವರು, ಗಂಡ ಹೈಸ್ಕೂಲು ಹೆಡ್‌ಮಾಸ್ಟರು. ಬಡಾವಣೆಯ ಮೊದಲ ಮನೆ ಅವರದೇ, ಮೇಟಿಯ ಎದುರಿಗೆ. ದೇವರಾಜು ಹೇಳಿದ ಹಾಗೇ ಮನೆ ಮನೆಗೂ ಹಾಲು ಬೇಕಾಯಿತು. ಸೈಟಿನಲ್ಲಿ ಅವನೂ ಮನೆ ಕಟ್ಟಿದ. ಕೊಟ್ಟಿಗೆ ಆಯಿತು, ಎಮ್ಮೆ ಬಂದವು. ಒಲೆ ಮಾತ್ರ ಹಾಕಲು ಬೆಟ್ಟಮ್ಮ ಬಿಡಲಿಲ್ಲ. ಮೇಟಿ ನಿಂತಿದೆ, ಪಾಲಾಗಿಲ್ಲ, ಒಲೆ ಹೇಗೆ ಎರಡಾದೀತು? ಎಲ್ಲರೂ ಕೊಪ್ಪಲಿನ ಹಳೆಯ ಮನೆಗೇ ಉಣ್ಣಲು ಹೋಗುತ್ತಿದ್ದರು.

"ಇಷ್ಟು ಚೆಂದದ ಮನೆ ಕಟ್ಟಿ ಅಡುಗೆಮನೆಯನ್ನೇ ಮರೆತಿರಲ್ರೀ?" ಅಂತ ಅನಸೂಯಮ್ಮ ಕೇಳಿದಾಗ ಪುಟ್ಟತಾಯಮ್ಮ, "ಮರ ದೊಡ್ಡದಾಗ್ಲಿ ಅಂತ ಕಾಯ್ತಾ ಇವ್ನಿ ಕಣ್ರವ್ವ," ಅಂದು ಅವರನ್ನು ಇನ್ನಷ್ಟು ಗೊಂದಲಕ್ಕೆ ಕೆಡವಿದಳು.

ಅರವತ್ತೊಂದರಲ್ಲಿ ರಸ್ತೆಗೆ ಜಲ್ಲಿ ಬಂತು. ಜಲ್ಲಿಯ ಹಿಂದೆ ಅದೇ ಓವರ್‌ಸಿಯರು, ಕೊಡಲಿ ಹಿಡಿದ ಆಳುಗಳ ಜೊತೆ. "ಅಜ್ಜಿ, ನಾಳೆ ಬೆಳಿಗ್ಗೆ ಈ ಮರ ತೆಗೀತೀವಿ. ರೋಡಿನ ನಡುವೆ ಇದೆ."

"ತೆಗೀಲಿ," ಅಂದ ಮಂಚಯ್ಯ, ಅವತ್ತಿನ ಊಟದ ಹೊತ್ತಿಗೆ. ಮಗನ ಮುಖ ನೋಡಲಿಲ್ಲ. "ಮಾತು ಮಾತೇ. ನಾಳೀಕೆ ಪಾಲು."

ದೇವರಾಜುವೂ ಅಪ್ಪನ ಮುಖ ನೋಡಲಿಲ್ಲ. ಇಬ್ಬರಿಗೂ ಬೇಡವಾಗಿತ್ತು ಅಂತ ಬೆಟ್ಟಮ್ಮನಿಗೆ ಕಾಣುತ್ತಿತ್ತು. ಆದರೆ ಬೇಡ ಅನ್ನಲು ಇಬ್ಬರಲ್ಲಿ ಒಬ್ಬರಿಗಾದರೂ ಬಾಯಿ ಬರಬೇಕಲ್ಲ! ಗಂಡಸರ ಹಟಕ್ಕೆ ಏನು ಹೇಳುವುದು. ಅವಳು ಸಾರಿಗೆ ಉಪ್ಪು ಎರಡು ಸಲ ಹಾಕಿದ್ದಳು. ಆ ಸಾರನ್ನೇ ಎಲ್ಲರೂ ತಟ್ಟೆ ಬಳಿದು ಉಂಡರು.

ಬೆಳಿಗ್ಗೆ ಮೇಟಿಯ ಹತ್ತಿರ ಬಂದರೆ, ಅವಳಿಗೆ ಕಣ್ಣನ್ನೇ ನಂಬಲಾಗಲಿಲ್ಲ. ಅದು ಸೋಮವಾರದ ಅಮಾವಾಸ್ಯೆ. ಅನಸೂಯಮ್ಮ ಒದ್ದೆ ಸೀರೆಯಲ್ಲಿ ಮರ ಸುತ್ತುತ್ತಿದ್ದಾರೆ! ಅವರ ಹಿಂದೆ ಡಾಕ್ಟರ ಹೆಂಡತಿ, ವಕೀಲರ ತಾಯಿ, ಚನ್ನರಾಯಪಟ್ಟಣದಿಂದ ಬಂದ ಅಮಲ್ದಾರರ ಸೊಸೆ. ಕೈಯಲ್ಲಿ ಅರಳೆ ನೂಲು, ಬಾಯಲ್ಲಿ ಮಂತ್ರ. ಎತ್ತು ಸುತ್ತಿದ ಜಾಗದಲ್ಲಿ, ಎತ್ತು ಸುತ್ತಿದ ದಿಕ್ಕಿನಲ್ಲೇ, ಸುತ್ತು, ಸುತ್ತು, ಸುತ್ತು. ಬಸರಿಯನ್ನು ಅರಳಿ ಅಂದುಕೊಂಡಿದ್ದಾರೆ ಮಹಾತಾಯಂದಿರು! ಬೆಟ್ಟಮ್ಮನಿಗೆ ನಗುವೂ ಬಂತು, ಅಳುವೂ ಬಂತು.

ಕೊಡಲಿಯವರು ದೂರದಲ್ಲೇ ನಿಂತಿದ್ದರು. ಓವರ್‌ಸಿಯರು ಗಂಟಲು ಸರಿಮಾಡಿಕೊಂಡ. "ತಾಯಿ, ಈ ಮರ..."

"ಅಶ್ವತ್ಥಕ್ಕೆ ಕೊಡಲಿ ಹಾಕ್ತೀರಾ?" ಅನಸೂಯಮ್ಮ ಸುತ್ತುವುದನ್ನು ನಿಲ್ಲಿಸದೆ ಕೇಳಿದರು. "ಹಾಕಿ. ನಿಮ್ಮ ತಾಯಿಯವರಿಗೆ ಮೊದಲು ಒಂದು ಮಾತು ಹೇಳಿಬಂದು ಹಾಕಿ."

ಓವರ್‌ಸಿಯರು ಮರ ನೋಡಿದ, ಹೆಂಗಸರನ್ನು ನೋಡಿದ. "ಸುತ್ತ ಒಂದು ಕಟ್ಟೆ ಕಟ್ಟಿಸ್ತೀನಿ ಬಿಡಿ. ರೋಡೇ ಬಳಸ್ಕೊಂಡು ಹೋಗಲಿ," ಅಂದ.

ಸಂಜೆ ಹಾಲು ಅಳೆಯುವಾಗ ಬೆಟ್ಟಮ್ಮನಿಗೆ ತಡೆಯಲಾಗಲಿಲ್ಲ. ದೇವರ ವಿಷಯದಲ್ಲಿ ಮೋಸ ಮಾಡಬಾರದು. "ಅಮ್ಮಾವ್ರೆ, ತಪ್ಪು ತಿಳೀಬ್ಯಾಡಿ. ಅದು ಅರಳಿ ಅಲ್ಲ, ಬಸರಿ. ನಮ್ಮ ಕಣದ ಮೇಟಿ."

ಅನಸೂಯಮ್ಮ ಪಾತ್ರೆ ಸರಿಯಾಗಿ ಹಿಡಿದುಕೊಂಡರು. "ಈ ಮನೆಗೆ ಬಂದ ಮೊದಲ ವಾರ ನಾನೂ ಅರಳಿ ಅಂದುಕೊಂಡಿದ್ದೆ, ನಿಜ. ಆಮೇಲೆ ಎಲೆ ನೋಡಿದೆ. ನಾನೂ ಹೊಳೆ ದಂಡೇಲಿ ಬೆಳೆದವಳಲ್ಲವೇ ಬೆಟ್ಟಮ್ಮ. ಆದರೆ ನೀವು ದಿನಾ ಅದಕ್ಕೆ ನೀರು ಹಾಕಿ ಕೈ ಮುಗಿಯೋದನ್ನ ಕಿಟಕಿಯಿಂದ ನೋಡ್ತೀನಿ. ನೀವು ಕೈ ಮುಗಿಯೋದಕ್ಕೆ ನಾನು ಸುತ್ತು ಬಂದರೆ ಏನು ಕಡಿಮೆಯಾಯ್ತು? ಹಾಲು ಹಾಕಿ."

ಬೆಟ್ಟಮ್ಮ ಅವತ್ತು ಒಂದು ಪಾವು ಹೆಚ್ಚೇ ಹಾಕಿದಳು.

ಆ ವರ್ಷದ ಕೊನೆಗೆ ದೀಪದ ಕಂಬಗಳು ನಿಂತವು. ಇವತ್ತು ಸಂಜೆ ದೀಪ ಬಿಡುತ್ತಾರೆ ಅಂತ ಸುದ್ದಿ ಬಂದಾಗ ಕೊಪ್ಪಲಿಗೆ ಕೊಪ್ಪಲೇ ಬಂದು ನಿಂತಿತು. ಬೆಟ್ಟಮ್ಮ ಮೊಮ್ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಮರದ ಕೆಳಗೆ ನಿಂತಳು. ಪಕ್ಕದಲ್ಲಿ ಪುಟ್ಟತಾಯಮ್ಮ, ಹಾಲಿನ ಕ್ಯಾನು ಹಿಡಿದ ದೇವರಾಜು. ಬೂವನಹಳ್ಳಿಯಿಂದ ನಡೆದು ಬಂದ ಮಂಚಯ್ಯ ಕಾಲಿನ ಕೆಸರು ಕೂಡ ತೊಳೆಯದೆ ಬಂದು ನಿಂತ. ಅವನಿಗೆ ಈಚೆಗೆ ಆ ದಾರಿ ಉದ್ದವಾಗುತ್ತಿತ್ತು.

ಕತ್ತಲು ಇಳಿಯುತ್ತಿತ್ತು. ಫಕ್ಕನೆ ದೀಪ ಬಂತು.

ಅಬ್ಬಬ್ಬಾ ಅನ್ನಲು ಬೆಟ್ಟಮ್ಮನಿಗೆ ಉಸಿರೇ ಇರಲಿಲ್ಲ. ಅವರ ಹೊಲ, ಈ ತುದಿಯಿಂದ ಆ ತುದಿಯವರೆಗೆ, ಸಾಲು ಹಿಡಿದು ಬೆಳಗುತ್ತಿತ್ತು. ಬಿತ್ತಿದ ಹಾಗೆ, ಬಿತ್ತಿದ್ದು ಒಂದೇ ಗಳಿಗೆಯಲ್ಲಿ ತೆನೆ ಕಟ್ಟಿದ ಹಾಗೆ. ಕಿಟಕಿಗಳಲ್ಲಿ ಬೆಳಕು, ಗೇಟುಗಳ ಮೇಲೆ ಬೆಳಕು, ಜಲ್ಲಿಯ ಮೇಲೆ ಬೆಳಕು, ಬಸರಿಯ ಎಲೆ ಎಲೆಯ ಮೇಲೆ ಬೆಳಕು.

ಪಕ್ಕದಲ್ಲಿ ಏನೋ ಸಣ್ಣ ಸದ್ದು ಕೇಳಿಸಿತು. ಬೆಟ್ಟಮ್ಮ ತಿರುಗಿ ನೋಡಿದಳು. ಮಂಚಯ್ಯ ಬೆರಳೆತ್ತಿ ಮೊದಲ ಕಂಬ ತೋರಿಸುತ್ತಿದ್ದ.

"ಲಾಭ," ಅಂದ.

ಬೆರಳು ಮುಂದಕ್ಕೆ ಹೋಯಿತು. "ಎರಡು. ಮೂರು..."

ದೇವರಾಜುವಿಗೂ ಕೇಳಿಸಿತು. ಅವನು ಮೆಲ್ಲಗೆ ಅಪ್ಪನ ಹತ್ತಿರ ಬಂದ. "ಅಪ್ಪಯ್ಯ, ಮರಕ್ಕೆ ಕಟ್ಟೆ ಕಟ್ಬುಟ್ರು. ಇನ್ನು ಇದನ್ನ ಯಾರೂ ಕೀಳಂಗಿಲ್ಲ. ಆ ಪಾಲಿನ ಮಾತು..."

"ಸುಮ್ಕಿರ್ಲಾ!" ಮಂಚಯ್ಯ ಪಿಸುಗುಟ್ಟಿದ, ಹಿಂದೆ ಎತ್ತಿನ ಹಿಂದೆ ಸುತ್ತುವಾಗ ಪಿಸುಗುಟ್ಟುತ್ತಿದ್ದನಲ್ಲ, ಹಾಗೇ. "ಕಣದಾಗೆ ನಿಂತ್ಕಂಡು ಪಾಲಿನ ಮಾತಾಡ್ತಾನೆ. ಮೊದ್ಲು ಆ ಮೆಟ್ಟು ಬಿಡು. ರಾಶಿ ಅಳೀತಾ ಇರೋದು ಕಾಣಕ್ಕಿಲ್ವಾ?"

ನಲವತ್ತಡಿ ರಸ್ತೆಯ ನಡುವೆ ದೇವರಾಜು ಚಪ್ಪಲಿ ಬಿಟ್ಟ. ಕ್ಯಾನು ಕೆಳಗಿಟ್ಟು ಕೈ ಕಟ್ಟಿ ನಿಂತ. ಮಂಚಯ್ಯನಿಗೆ ಎಣಿಕೆ ತಪ್ಪಿಹೋಗಿತ್ತು, ಮತ್ತೆ ಮೊದಲ ಕಂಬಕ್ಕೆ ಬಂದು "ಲಾಭ" ಅಂದ. ಆಮೇಲೆ ಹೆಂಡತಿಯ ಕಡೆ ನೋಡದೆ ಹೇಳಿದ:

"ಲೇ ಬೆಟ್ಟಿ, ಬೂವನಳ್ಳಿ ವಲ ಯಾರಿಗಾರಾ ಗುತ್ತಿಗೆಗೆ ಕೊಟ್ಬುಡಾನ. ನಾಳೀಕೆ ಈ ಹೊಸಾ ಮನೇಲಿ ಒಲೆ ಹಾಕ್ಸು. ಒಂದೇ ಕಣೆ, ದೊಡ್ಡದಾಗಿ ಹಾಕ್ಸು."

"ಅಟ್ಟದ ಮ್ಯಾಲಿರೋ ತೆನೆ ಕಟ್ಟು?" ಅಂದಳು ಪುಟ್ಟತಾಯಮ್ಮ, ಬಾಯಿ ಸುಮ್ಮನಿರಬೇಕಲ್ಲ.

"ನಂಗೊತ್ತಿಲ್ಲ ಅಂದ್ಕಂಡಿದ್ರಾ ಇಬ್ರೂವೆ? ಅಲ್ಲೇ ಇರ್ಲಿ ಅದು," ಅಂದ ಮಂಚಯ್ಯ.

ಬೆಟ್ಟಮ್ಮನ ಬೆರಳು ಮೂಗಿನ ಮೇಲೆ ಹೋಯಿತು. ದೀಪಗಳ ಕಡೆ ಅವಳು ನೋಡುತ್ತಿರಲಿಲ್ಲ, ಗಂಡನ ಮುಖ ನೋಡುತ್ತಿದ್ದಳು.

"ಅಬ್ಬಬ್ಬಾ," ಅಂದಳು.